ಲಸಿಕೆಯ ಶುದ್ಧಿಯೂ ನಮ್ಮ ಹೊಣೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮಹಾಜನರಿಗೆ ಆಲೆಮನೆಯ ಕ್ರಮವನ್ನು ನಾವು ವಿವರಿಸಬೇಕಾದುದಿಲ್ಲ. ಕಬ್ಬಿನ ಹಾಲು ಎಷ್ಟೇ ಸಿಹಿಯಾಗಿರಲಿ, ಕೊಪ್ಪರಿಗೆಯಲ್ಲಿ ಮೇಲೆದ್ದ ಮಡ್ಡಿಯನ್ನು ತೆಗೆಯದಿದ್ದರೆ ಬೆಲ್ಲಕ್ಕೆ ಬೆಲೆಯಿಲ್ಲ. ಶಿಶುಗಳಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯ ಯೋಗ್ಯತೆಯೂ ಹೀಗೆಯೇ ಶುದ್ಧಿಯಲ್ಲಿದೆ.

ಯಕೃತ್ತನ್ನು ಕೆಡಿಸುವ ಈ ರೋಗಕ್ಕೆ ಮೊದಲು ಲಸಿಕೆ ತೆಗೆದದ್ದು ರೋಗಾಣುವನ್ನು ಹೊತ್ತವರ ರಕ್ತದಿಂದ. 1986ರಲ್ಲಿ ಅಮೆರಿಕದಲ್ಲಿ ಬೇರೊಂದು ಬಗೆಯ ಲಸಿಕೆಗೆ ಅನುಮತಿ ದೊರೆಯಿತು. ವೈರಾಣುವಿನ ಹೊರಕವಚದ ಪ್ರೋಟೀನಿಗೆ ಕಾರಣವಾದ ಜೀನನ್ನು ಯೀಸ್ಟಿನೊಳಗೆ ಸೇರಿಸಿ, ಆ ಪ್ರೋಟೀನನ್ನು ಯೀಸ್ಟಿನಿಂದಲೇ ಪಡೆಯುವ ವಿಧಾನವಿದು. ವೈರಾಣುವೇ ಇಲ್ಲದುದರಿಂದ ಲಸಿಕೆಯಿಂದ ರೋಗ ತಗಲುವ ಭಯವಿಲ್ಲ. ಆದರೆ ಯೀಸ್ಟಿನ ಕೋಶಗಳನ್ನು ಒಡೆದಾಗ ಬೇಕಾದುದರೊಡನೆ ಬೇಡವಾದ ನೂರಾರು ಪ್ರೋಟೀನುಗಳೂ ಕೊಬ್ಬೂ ಹೊರಬರುತ್ತವೆ. ಸೋಸಿ, ಅತಿವೇಗದ ಯಂತ್ರದಲ್ಲಿ ತಿರುಗಿಸಿ, ಕ್ರೊಮಟೋಗ್ರಫಿಯ ಸ್ತಂಭಗಳ ಮೂಲಕ ಹಾಯಿಸಿ, ಸುಮಾರು 22 ನ್ಯಾನೋಮೀಟರ್ ಗಾತ್ರದ ಕಣಗಳನ್ನು ಬೇರ್ಪಡಿಸಬೇಕು. ಬಳಿಕ ಅವನ್ನು ಅಲ್ಯೂಮಿನಿಯಂ ಲವಣಕ್ಕೆ ಅಂಟಿಸುತ್ತಾರೆ.

1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯವರು ಶ್ರೀ ವರಪ್ರಸಾದ ರೆಡ್ಡಿಯವರ ಮುಂದಾಳುತನದಲ್ಲಿ ಈ ವಿದ್ಯೆಯನ್ನು ಸ್ವದೇಶದಲ್ಲಿಯೇ ಸಾಧಿಸಿದರು. ಪರದೇಶದಿಂದ ಬಂದು ಧನಿಕರಿಗಷ್ಟೇ ಎಟಕುತ್ತಿದ್ದ ಲಸಿಕೆಯ ಬೆಲೆ ಇಳಿಯಿತು. ಇದು ದೇಶಾಭಿಮಾನಿಗಳೆಲ್ಲರೂ ನೆನೆಯತಕ್ಕ ಕಾರ್ಯ.

ಬೆಲ್ಲವನ್ನು ಅಚ್ಚುಹೊಯ್ದ ಮೇಲೆ ಮಳೆಯಲ್ಲಿ ನೆನೆಯಲು ಬಿಡುವ ರೈತನಿಲ್ಲ. ಇಷ್ಟು ಶ್ರಮದಿಂದ ಶುದ್ಧಗೊಂಡ ಲಸಿಕೆಯೂ ನಮ್ಮ ಊರುಗಳಿಗೆ ಬಂದು ಅಲಕ್ಷ್ಯದಿಂದ ಕೆಡಬಾರದು. ಶಾಖಕ್ಕೆ ಎಲ್ಲರೂ ಅಂಜುತ್ತಾರೆ. ಈ ಲಸಿಕೆಗೆ ಹಿಮವೂ ಶತ್ರುವೆಂಬುದು ಹಲವರಿಗೆ ತಿಳಿಯದು. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಡಬೇಕು. ಹೆಪ್ಪುಗಟ್ಟಿತೆಂದರೆ ಲವಣದ ಕಣಗಳು ಗಂಟುಕಟ್ಟಿ ಸತ್ವವು ಹೋಗುತ್ತದೆ. ಕರಗಿಸಿದರೂ ಅದು ಮರಳದು. ಆಗತಾನೆ ಹೊರತೆಗೆದ ಗಟ್ಟಿ ಮಂಜುಗಡ್ಡೆಯ ಪಕ್ಕದಲ್ಲಿ ಸೀಸೆಯನ್ನಿಟ್ಟು ಹಳ್ಳಿಗೆ ಒಯ್ದರೂ ಈ ಅಪಾಯವುಂಟು. ಇಂತಹ ಸೀಸೆಯಿಂದ ಚುಚ್ಚಿಸಿಕೊಂಡ ಮಗುವಿಗೆ ನೋವು ಮಾತ್ರ ಲಾಭ. ತಾಯಿತಂದೆಗಳಿಗಾದರೋ ರಕ್ಷಣೆ ದೊರೆಯಿತೆಂಬ ಭ್ರಾಂತಿ.

ಆದುದರಿಂದ ವೈದ್ಯಾಧಿಕಾರಿಗಳು ಉಷ್ಣತೆಯ ದಾಖಲೆಯನ್ನು ಸಹಿಗಾಗಿ ಮಾತ್ರ ನೋಡದೆ, ಶೀತಪೆಟ್ಟಿಗೆಯನ್ನು ತೆರೆದು ಸ್ವತಃ ಪರೀಕ್ಷಿಸಬೇಕು. ಹೆಪ್ಪುಗಟ್ಟಿತೆಂಬ ಸಂಶಯ ಬಂದ ಸೀಸೆಯನ್ನು ಒಪ್ಪಿಸಿದ ಸಿಬ್ಬಂದಿಯನ್ನು ದಂಡಿಸಬಾರದು. ದಂಡನೆಯ ಭಯವೇ ಸತ್ಯವನ್ನು ಮುಚ್ಚಿಸುತ್ತದೆ. ತಾಯಿತಂದೆಗಳು ಮಗು ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆಯನ್ನು ಕೇಳಿ ಹಾಕಿಸಬೇಕು. ಕಾರ್ಖಾನೆಯವರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ; ಉಳಿದ ಪಾಲು ನಮ್ಮದು.