ಅಂಚೆಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇರಬೇಕು?

ಪಿಯುಸಿ ಓದುವ ಮಕ್ಕಳಿರುವ ಮನೆಗೆ ಮುಖ್ಯವಾದ ಪತ್ರಗಳು ಅಂಚೆಯವನ ಕೈಯಲ್ಲಿ ಬರುವುದು ಈಗ ಕಡಿಮೆ. ನೀಟ್, ಜೆಇಇ ಪರೀಕ್ಷೆಗಳಿಗೆ ಅರ್ಜಿ ಹಾಕುವಾಗ ವಿದ್ಯಾರ್ಥಿಯ ಅಥವಾ ಪಾಲಕರ ಸ್ವಂತ ಇ-ಮೇಲ್ ವಿಳಾಸವನ್ನೇ ಕೊಡಬೇಕೆಂದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ಹೇಳುತ್ತದೆ. ಆದರೆ ಅದೇ ವಿಳಾಸಕ್ಕೆ ಕೋಚಿಂಗ್ ಕೇಂದ್ರಗಳವರು, ಅಂಗಡಿಯವರು, ಸಾಲ ಕೊಡುವವರು ಎಲ್ಲರೂ ಬರೆಯುತ್ತಾರೆ. ಈ ಜೊಳ್ಳಿನ ನಡುವೆ ಕಾಳು ಕಳೆದುಹೋದರೆ ಒಂದು ವರ್ಷದ ಓದಿಗೇ ಪೆಟ್ಟು ಬಿದ್ದೀತು.

ಜೊಳ್ಳು ತೂರಲು ದಾರಿಗಳು ಎರಡು. ಜಿಮೇಲ್‌ನಂಥ ಸೇವೆಯಲ್ಲೇ ಇರುವ 'ಫಿಲ್ಟರ್' ಎಂಬ ನಿಯಮಗಳು ಒಂದು. ಹೊರಗಿನ ಕಂಪೆನಿಯವರು ಒದಗಿಸುವ ಸಾಧನಗಳು ಇನ್ನೊಂದು.

ಕೆರೆಬಿಳಚಿಯ ರೈತರಿಗೆ ಮೊದಲನೆಯದನ್ನು ವಿವರಿಸುವುದು ಸುಲಭ. ಅವರ ನೆರೆಯ ಸೂಳೆಕೆರೆಗೆ (ಶಾಂತಿಸಾಗರ) ಸಿದ್ಧ, ಬಸವ ಎಂಬ ಎರಡು ನಾಲೆಗಳಿವೆ. ನೀರು ಯಾವ ಕಡೆ ಹೋಗಬೇಕೆಂಬುದು ಏರಿಯ ಬಳಿಯೇ ತೀರ್ಮಾನವಾಗುತ್ತದೆ. ಫಿಲ್ಟರ್ ಕೂಡ ಹಾಗೆಯೇ: ಪತ್ರ ಬಂದ ಕೂಡಲೇ, ನಿಮ್ಮ ಮೊಬೈಲ್ ಆರಿದ್ದರೂ, ಅದು ತನ್ನ ಕೆಲಸ ಮಾಡುತ್ತದೆ. ಪತ್ರ ಮೂರನೆಯವರ ಕೈಗೆ ಹೋಗುವುದಿಲ್ಲ.

ಹೊರಗಿನ ಸಾಧನ ಹೆಚ್ಚು ಜಾಣ ಇರಬಹುದು. ಆದರೆ ಅದು ಕೆಲಸ ಮಾಡಬೇಕಾದರೆ ನಿಮ್ಮ ಪೆಟ್ಟಿಗೆಯನ್ನು ಓದುವ ಅನುಮತಿಯನ್ನು ಅದಕ್ಕೆ ಕೊಡಬೇಕು. ಅಮೆರಿಕದ 'ಅನ್‌ರೋಲ್.ಮಿ' ಎಂಬ ಉಚಿತ ಸೇವೆ ಬೇಡದ ಜಾಹೀರಾತು ಪತ್ರಗಳನ್ನು ನಿಲ್ಲಿಸಿಕೊಡುತ್ತಿತ್ತು. ಅದು ಬಳಕೆದಾರರ ಖರೀದಿ ರಸೀದಿಗಳ ಮಾಹಿತಿಯನ್ನು, ಹೆಸರು ತೆಗೆದು, ಮಾರಾಟಕ್ಕೆ ಬಳಸುತ್ತಿದ್ದುದು 2017ರಲ್ಲಿ ಬಯಲಾಯಿತು. ವೈಯಕ್ತಿಕ ಪತ್ರಗಳನ್ನು ಮುಟ್ಟುವುದಿಲ್ಲವೆಂದು ನಂಬಿಸಿತ್ತು ಎಂಬ ಆರೋಪದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಅದರ ಮೇಲೆ ಕ್ರಮ ಕೈಗೊಂಡಿತು. ಉಚಿತವೆಂದು ತೋರುವುದಕ್ಕೂ ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಹೊರಗಿನದೆಲ್ಲ ಕೆಟ್ಟದ್ದೆಂದಲ್ಲ. ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶ ನಾಲ್ಕಾರು ವಿಳಾಸಗಳ ಪತ್ರಗಳನ್ನು ಒಂದೆಡೆ ತರುತ್ತದೆ. ಅದರ ನಿಯಮಗಳು ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಆದರೆ ತಂತ್ರಾಂಶ ತೆರೆದಿರುವಾಗ ಮಾತ್ರ. ಸ್ವಂತ ಮೇಲ್ ವ್ಯವಸ್ಥೆಯಿರುವ ಕಾಲೇಜುಗಳು ಸ್ಪ್ಯಾಮ್‌ಅಸಾಸಿನ್ ಎಂಬ ಉಚಿತ ಸಾಧನವನ್ನು ತಮ್ಮಲ್ಲೇ ಅಳವಡಿಸಿಕೊಳ್ಳಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಳಗಿನದೋ ಹೊರಗಿನದೋ ಎಂಬುದಷ್ಟೇ ಅಲ್ಲ; ನಮ್ಮ ಪತ್ರವನ್ನು ಎಲ್ಲಿ, ಯಾರು ಓದುತ್ತಾರೆ ಎಂಬುದು.

ವಿದ್ಯಾರ್ಥಿಯ ಅಗತ್ಯಕ್ಕೆ ಒಳಗಿನ ನಿಯಮವೇ ಸಾಕು. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆದು, ಹುಡುಕುವ ಪೆಟ್ಟಿಗೆಯ ಬಲತುದಿಯ ಗುರುತನ್ನು ಒತ್ತಿ. 'ಫ್ರಮ್' ಎಂಬಲ್ಲಿ ಸಂಸ್ಥೆಯ ಇ-ಮೇಲ್ ವಿಳಾಸ ಬರೆದು 'ಕ್ರಿಯೇಟ್ ಫಿಲ್ಟರ್' ಒತ್ತಿ. ಬಳಿಕ 'ಪರೀಕ್ಷೆ' ಎಂಬ ಲೇಬಲ್ ಅಂಟಿಸಲೂ, ಸ್ಪ್ಯಾಮ್‌ಗೆ ಎಂದೂ ಕಳಿಸದಿರಲೂ ಹೇಳಿ. ಜಾಹೀರಾತುಗಳಿಗೆ ಬೇರೆ ಲೇಬಲ್ ಇರಲಿ. ಅಳಿಸಿಹಾಕುವ ನಿಯಮ ಮಾತ್ರ ಮಾಡಬೇಡಿ. ತಪ್ಪಿ ಹೋದದ್ದು ಹುಡುಕಿದರೆ ಸಿಗುವಂತಿರಬೇಕು.

ನಿಯಮಕ್ಕೆ ಬುದ್ಧಿ ಇಲ್ಲ ಎಂಬುದು ನೆನಪಿರಲಿ. ಕಳಿಸುವವರ ವಿಳಾಸ ಬದಲಾದರೆ ಅದು ಗುರುತಿಸಲಾರದು. ಸ್ಪ್ಯಾಮ್‌ನಲ್ಲಿ ಬಿದ್ದ ಪತ್ರವನ್ನು ಜಿಮೇಲ್ 30 ದಿನಗಳ ನಂತರ ಅಳಿಸುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅಲ್ಲಿ ಇಣುಕಿ ನೋಡುವುದು ಲೇಸು. ಲೇಬಲ್ ಇದ್ದ ಮಾತ್ರಕ್ಕೆ ಪತ್ರ ಅಸಲಿಯೂ ಅಲ್ಲ; ಹಣ ಕೇಳಿದರೆ ಸಂಸ್ಥೆಯ ಜಾಲತಾಣವನ್ನೇ ನೋಡಿ ಖಚಿತಪಡಿಸಿಕೊಳ್ಳಿ.

ಪಾಲಕರಿಗೆ ಒಂದು ಮಾತು. ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ, ನಿಮ್ಮ ಖಾತೆಯೊಂದಿಗೆ ನಂಟಿರುವ ಹೊರಗಿನ ಆ್ಯಪ್‌ಗಳ ಪಟ್ಟಿ ಇದೆ. ಮಗ ಅಥವಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಒಮ್ಮೆ ಓದಿ. ಯಾವುದು ಯಾಕೆ ಎಂದು ಇಬ್ಬರಿಗೂ ಹೇಳಲಾಗದಿದ್ದರೆ ಆ ಅನುಮತಿಯನ್ನು ಹಿಂತೆಗೆದುಕೊಳ್ಳಿ.