ಮಳೆಗಾಲಕ್ಕೆ ಮೊದಲು ಡಬ್ಬಿ ತೆರೆಯಿರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಂಧುಗಳೇ,

ಹಳೆಯ ಚಿತ್ರವೊಂದರ ಮೂಲ ಪ್ರಿಂಟ್ ಉಳಿಸಲು ಹೊರಟ ಅಭಿಮಾನಿಗಳು ನಡುದಾರಿಯಲ್ಲಿ ಕೈಚೆಲ್ಲಿದರೆ ನಾವು ಹೇಳುವುದು ಒಂದೇ ಮಾತು: ‘ಪಾಪ, ಹುಡುಗರು ತುಂಬ ಓಡಾಡಿದ್ದರು.’ ಓಡಾಟ ಯಾರ ಅಂಗಳದಲ್ಲಿ ನಿಂತಿತು ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ನಮ್ಮ ಬಾಗಿಲಿಗೇ ಬರುತ್ತದೆ. ರೀಲಿನ ಡಬ್ಬಿ ಕೊಡಲೊಪ್ಪದ ಮನೆಯವರು, ಹಕ್ಕಿನ ಜಗಳ ಮುಗಿಯದ ವಾರಸುದಾರರು, ‘ನೋಡುವ’ ಎಂದು ಅರ್ಜಿ ಬದಿಗಿಟ್ಟ ಸಂಸ್ಥೆ, ಚಂದಾ ಕೇಳಿದಾಗ ನಕ್ಕು ಕಳಿಸಿದ ನಾವು.

ಈ ಉದಾಸೀನಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ. ನಮ್ಮ ಶಿವರಾಮ ಕಾರಂತರು ಮೂಕಿಯ ಕಾಲದಲ್ಲಿ ತೆಗೆದ ‘ಭೂತರಾಜ್ಯ’ ಇಂದು ಬರೀ ಹೆಸರು. ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. 1973ರಲ್ಲಿ ವಿಶುಕುಮಾರರ ‘ಕೋಟಿ ಚೆನ್ನಯ’, 1993ರಲ್ಲಿ ರಾಷ್ಟ್ರಪ್ರಶಸ್ತಿ ತಂದ ರಿಚರ್ಡ್ ಕ್ಯಾಸ್ಟಲಿನೋ ಅವರ ‘ಬಂಗಾರ್ ಪಟ್ಲೇರ್’ ಬಂದವು. ಇವೆಲ್ಲ ರೀಲಿನ ಕಾಲದವು. ಆ ಕಾಲದ ರೀಲಿಗೆ ಬೆಂಕಿಗಿಂತ ದೊಡ್ಡ ಶತ್ರು ನಮ್ಮ ಹವೆ. ಸೆಕೆ, ತೇವ ಎರಡೂ ಸೇರಿದರೆ ಅಸಿಟೇಟ್ ಫಿಲ್ಮು ಹುಳಿಯಾಗಿ ನಾರುತ್ತದೆ, ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ. ಒಮ್ಮೆ ಶುರುವಾದ ಕೊಳೆತ ತನ್ನ ಆಮ್ಲದಿಂದಲೇ ವೇಗ ಪಡೆಯುತ್ತದೆ. ತಗಡಿನ ಮಾಡಿನಡಿ ಇಟ್ಟ ಡಬ್ಬಿಗೆ ಇಲ್ಲಿನ ಒಂದೊಂದು ಮಳೆಗಾಲವೂ ಒಂದೊಂದು ಪೆಟ್ಟು.

ಉಳಿಸಿದರೆ ಏನಾದೀತು ಎಂಬುದಕ್ಕೆ ಕಣ್ಣೆದುರೇ ಸಾಕ್ಷಿಯಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಅದನ್ನು ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಇದು ಸಾಧ್ಯವಾದದ್ದು ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದ. ಯಾರೋ ಎಂದೋ ಅಲ್ಲಿಗೆ ತಲುಪಿಸಿದ್ದರು. ನಮ್ಮ ತುಳು ಚಿತ್ರಗಳಿಗೆ ಆ ‘ಯಾರೋ’ ಯಾರು?

ಮೂಡುಬಿದಿರೆಯವರಿಗೆ ಉಳಿಸುವ ಪಾಠ ಹೊರಗಿನವರು ಹೇಳಬೇಕಿಲ್ಲ. ಜೈನ ಗ್ರಂಥಗಳಾದ ಧವಲ, ಜಯಧವಲ, ಮಹಾಧವಲದ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿನ ಬಸದಿಯಲ್ಲಿ. ಕಾಪಾಡಲು ಒಂದು ಸ್ಥಳವಿತ್ತು, ಒಂದು ಕಟ್ಟಳೆಯಿತ್ತು, ಹೊಣೆ ಹೊತ್ತವರಿದ್ದರು. ಅದೇ ಕಥೆಯ ಇನ್ನೊಂದು ಮುಖವನ್ನೂ ಮರೆಯಬಾರದು. ಬಹುಕಾಲ ಆ ಗರಿಗಳ ಪ್ರತಿ ಮಾಡಲು ಅವಕಾಶವಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮನಸ್ಸು ಕರಗಿ ನಕಲು ಶುರುವಾಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲ ಅಚ್ಚಾಗಿ ಹೊರಬರತೊಡಗಿತು. ಮೂಲವನ್ನು ಕಾಯಬೇಕು, ಪ್ರತಿಯನ್ನು ಹಂಚಬೇಕು. ಎರಡರಲ್ಲಿ ಒಂದನ್ನಷ್ಟೇ ಮಾಡಿದರೆ ಕೆಲಸ ಅರ್ಧ.

ಹಾಗಾಗಿ ಡಬ್ಬಿ ಇಟ್ಟುಕೊಂಡವರಲ್ಲಿ ಮೊದಲ ಬಿನ್ನಹ. ‘ನಮ್ಮ ಸಿನಿಮಾ, ಯಾರಿಗೂ ಕೊಡುವುದಿಲ್ಲ’ ಎಂಬ ಮಮತೆ ಅರ್ಥವಾಗುತ್ತದೆ. ಆದರೆ ಸಂಗ್ರಹಾಲಯಕ್ಕೆ ಪ್ರಿಂಟ್ ಒಪ್ಪಿಸಿದ ಮಾತ್ರಕ್ಕೆ ಹಕ್ಕು ಕೈತಪ್ಪುವುದಿಲ್ಲ. ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ನಂತರ 60 ವರ್ಷ ನಿಮ್ಮದೇ. ಕೊಳೆತ ರೀಲಿನ ಮೇಲಿನ ಹಕ್ಕು ಮಾತ್ರ ಮೂರು ಕಾಸಿಗೂ ಬಾರದು. ಕಪ್ಪುಬಿಳುಪು ಫಿಲ್ಮಿನ ಬೆಳ್ಳಿಗಾಗಿ ಚಿತ್ರಗಳನ್ನೇ ಕರಗಿಸಿದ ದೇಶ ನಮ್ಮದು. ಗುಜರಿಯವರು ಬಾಗಿಲಿಗೆ ಬಂದಾಗ ಇದು ನೆನಪಿರಲಿ.

ಟಾಕೀಸಿನವರೇ, ಡಿಜಿಟಲ್ ಬಂದ ಮೇಲೆ ಪ್ರೊಜೆಕ್ಟರ್ ಕೋಣೆಗೆ ಬೀಗ ಬಿದ್ದಿದ್ದರೆ ಒಮ್ಮೆ ತೆಗೆಯಿರಿ. ಮೂಲೆಯಲ್ಲಿ ಡಬ್ಬಿ ಸಿಕ್ಕರೆ ಚಿತ್ರದ ಹೆಸರು, ರೀಲಿನ ಸಂಖ್ಯೆ ಬರೆದಿಡಿ. ಓಡಿಸಿ ನೋಡುವ ಆಸೆ ಬೇಡ, ಕುಗ್ಗಿದ ಫಿಲ್ಮು ಹಲ್ಲುಗಾಲಿಗೆ ಸಿಕ್ಕಿ ಹರಿದೀತು. ಹುಳಿ ವಾಸನೆ ಬಂದದ್ದನ್ನು ಉಳಿದವುಗಳಿಂದ ಬೇರೆ ಇಡಿ. ಮುಂದಿನ ಕೆಲಸವನ್ನು ತಿಳಿದವರಿಗೆ ಬಿಡಿ.

ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯಲ್ಲಿ ಕೇಳುವುದು ಒಂದು ಪಟ್ಟಿ: ರೀಲಿನಲ್ಲಿ ಬಂದ ತುಳು ಚಿತ್ರಗಳಲ್ಲಿ ಯಾವುದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ. ಅದಕ್ಕೆ ಕೋಟಿ ಬೇಕಾಗಿಲ್ಲ, ಊರೂರು ತಿರುಗುವ ಕೆಲವರು ಸಾಕು. ನಮ್ಮ ಕಾಲೇಜುಗಳಲ್ಲಿ ಅಂಥವರಿಗೆ ಬರವಿಲ್ಲ. ‘ಚೋಮನ ದುಡಿ’ಗೆ ಸ್ವರ್ಣಕಮಲ ತಂದ ಬಿ.ವಿ. ಕಾರಂತರು ಬಂಟ್ವಾಳ ತಾಲೂಕಿನ ಮಂಚಿಯವರು. ಅಂಥವರನ್ನು ಕೊಟ್ಟ ಮಣ್ಣು ತನ್ನ ಸಿನಿಮಾಕ್ಕೆ ಒಂದು ಪಟ್ಟಿಯನ್ನಾದರೂ ಕೊಡಲಾರದೇ?

ಕೊನೆಗೆ, ಕೈಚೆಲ್ಲಿದ ಅಭಿಮಾನಿಗಳೇ, ನಿಮ್ಮ ಬೇಸರ ನ್ಯಾಯವಾದದ್ದು. ಆದರೆ ನೀವು ಕಲೆಹಾಕಿದ ಹೆಸರು, ವಿಳಾಸ, ಪತ್ರ, ಫೋಟೋ ವ್ಯರ್ಥವಲ್ಲ. ಅವನ್ನು ಮನೆಯಲ್ಲಿಟ್ಟುಕೊಂಡರೆ ನೀವೂ ಡಬ್ಬಿ ಕೊಡದವರ ಸಾಲಿಗೆ ಸೇರುತ್ತೀರಿ. ಮುಂದೆ ನಡೆಯುವವರಿಗೆ ಒಪ್ಪಿಸಿ. ಅವರ ಜೊತೆ ನಿಲ್ಲುವ, ಬಾಗಿಲು ತಟ್ಟುವ, ಚಂದಾ ಕೊಡುವ ಹೊಣೆ ಇನ್ನು ನಮ್ಮೆಲ್ಲರದು. ಈ ಬಾರಿ ‘ಪಾಪ’ ಎಂದು ತಪ್ಪಿಸಿಕೊಳ್ಳಲು ನಮಗೆ ಮುಖವಿಲ್ಲ.