ಅತಿಭಾರಾರೋಪಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಆಸ್ಪತ್ರೆಗೆ ಮಂಚವನ್ನೋ ಗಾಲಿಕುರ್ಚಿಯನ್ನೋ ಕೊಟ್ಟು ಹೆಸರು ಬರೆಸುವ ಶ್ರಾವಕರು, ಆ ಮಂಚದ ಬಳಿ ರಾತ್ರಿಯಿಡೀ ನಿಲ್ಲುವ ದಾದಿಯ ನೇಮಕ ಎಂತಹುದೆಂದು ವಿಚಾರಿಸುವುದುಂಟೇ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧಗಳೂ ಸೇರಿವೆ. ಇವನ್ನು ಎತ್ತು ಕುದುರೆಗಳಿಗೆ ಮಾತ್ರ ಅನ್ವಯಿಸುವುದು ಅನುಕೂಲದ ವ್ಯಾಖ್ಯಾನ. ಇಬ್ಬರ ಕೆಲಸವನ್ನು ಒಬ್ಬಳ ಮೇಲೆ ಹೊರಿಸುವುದು ಮೊದಲನೆಯದು. ಗುತ್ತಿಗೆಯ ನೆಪದಲ್ಲಿ ಸಂಬಳ ತಡೆಯುವುದು ಎರಡನೆಯದು. 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಸೇವೆ ಕಾಯಂ ಮಾಡಿರೆಂದು ಬೆಂಗಳೂರಿನಲ್ಲಿ ಧರಣಿ ಕುಳಿತದ್ದು ಹಟಕ್ಕಲ್ಲ.

ತರಬೇತಿಯ ವಿಷಯ ಇನ್ನೂ ಗಂಭೀರ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೌಕರನಿಗೆ ಸೇರುವಾಗಲೂ ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ಹೆಪಟೈಟಿಸ್ ಬಿ, ಧನುರ್ವಾಯುಗಳಿಗೆ ಲಸಿಕೆ ಹಾಕಿಸಬೇಕು. ಏಜೆನ್ಸಿಯವನು ಬೆಳಿಗ್ಗೆ ಕರೆತಂದವನಿಗೆ ಮಧ್ಯಾಹ್ನವೇ ಕಸದ ಚೀಲ ಹೊರಿಸಿದರೆ, ಅವನ ಕೈಗೆ ಚುಚ್ಚಿದ ಸೂಜಿ ಯಾರ ಖಾತೆಗೆ? ತಕ್ಕಡಿ ಹಿಡಿಯಲು ಕಲಿಸದೆ ಹುಡುಗನನ್ನು ಗಲ್ಲಾದ ಮುಂದೆ ಕೂರಿಸುವ ವರ್ತಕ ನಮ್ಮ ಸಮಾಜದಲ್ಲಿ ಯಾರೂ ಇಲ್ಲ!

ತರಬೇತಿಗೆ ವಿನಿಯೋಗಿಸಿದ ಹಣವೂ ಶಾಸ್ತ್ರದಾನವೇ. ಟ್ರಸ್ಟುಗಳು ನೇಮಕದ ಆದೇಶ, ವೇತನದ ಪಟ್ಟಿ, ಲಸಿಕೆಯ ದಾಖಲೆಗಳನ್ನು ನೋಡಿದ ಮೇಲೆಯೇ ಚೆಕ್ಕಿಗೆ ಸಹಿ ಹಾಕಲಿ. ಸರಕಾರಿ ಆಸ್ಪತ್ರೆಯಾದರೆ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇವನ್ನೇ ಲಿಖಿತವಾಗಿ ಕೇಳಲಿ.